ಗಿಡಕ್ಕೆ ಜಾಮೀನು ನಿಂತವಳು

ಗಿಡಗಳ ಜೊತೆ ವ್ಯವಹಾರ ಇಟ್ಟುಕೊಂಡವನಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ ನೋಡ್ರಿ. ಮಾತು ಕೇಳದ ಮನುಷ್ಯ ಎದ್ದಾದರೂ ಹೋಗುತ್ತಾನೆ, ಗಿಡ ಅಲ್ಲೇ ಕಣ್ಣೆದುರಿಗೆ ನಿಂತು ಕೇಳದೆ ಇರುತ್ತದೆ. ನಾನು ಶಾಲೆಯ ಬಾಗಿಲು ಕಂಡವನಲ್ಲ. ಆದರೆ ಯಾದಗಿರಿಯಿಂದ ಸುರಪುರದವರೆಗೆ ನನ್ನ ಮಾತು ಮೀರಿದ ಗಿಡ ಇರಲಿಲ್ಲ. ಒಂದನ್ನು ಬಿಟ್ಟು. ಅದು ಶಹಾಪುರದ ನನ್ನ ಮನೆ ಅಂಗಳದಲ್ಲೇ ಇತ್ತು.

೧. ಮುದನಾಳದ ನಿಂಬೆ

ಕಾಯಿ ಬಿಡದ ಗಿಡವನ್ನು ಬೆದರಿಸುವುದು ನನ್ನ ಕೆಲಸ. ಬೇರೆಯವರೂ ಮಾಡುತ್ತಾರೆ, ಆದರೆ ಅವರ ದನಿಗೆ ಗಿಡ ಅಂಜುವುದಿಲ್ಲ. ನಾನು ಕೊಡಲಿ ಎತ್ತಿ, "ಕಾಯಿ ಬಿಡದ ಗಿಡ ಮನಿಗ್ಯಾಕ? ಇದನ್ನ ಕಡದು ಇನ್ನೊಂದು ತಂದು ಹಚ್ತೀನಿ" ಎನ್ನುತ್ತೇನೆ. ಆಗ ನನ್ನ ಹೆಂಡತಿ ನಡುವೆ ಬಂದು ಗಿಡದ ಪರವಾಗಿ ಕೈ ಮುಗಿಯಬೇಕು. "ಇದೊಂದು ವರ್ಷ ಬಿಡ್ರಿ, ಕಾಯಿ ಬಿಡ್ತದ, ನಾ ಜಾಮೀನ" ಎನ್ನಬೇಕು. ಜಾಮೀನು ಸಿಕ್ಕರೆ ಕೊಡಲಿ ಕೆಳಗೆ. ಸಿಗದಿದ್ದರೆ ಕಡಿಯಲೇಬೇಕು. ಇಲ್ಲದಿದ್ದರೆ ಸುದ್ದಿ ಬೇರಿಂದ ಬೇರಿಗೆ ಹೋಗಿ ಸೀಮೆಯ ಗಿಡಗಳಿಗೆಲ್ಲ ನಾನು ಸದರವಾಗುತ್ತೇನೆ.

ಮುದನಾಳದಲ್ಲಿ ಐದು ವರ್ಷದಿಂದ ಕಾಯಿ ಕಾಣದ ನಿಂಬೆಗಿಡ. ಗಂಡ ಹೆಂಡತಿ ಹೋಗಿ ಬೆದರಿಸಿ ಬಂದೆವು. ಆಮೇಲೆ ಎಂಥಾ ಕಾಯಿ ಹಿಡಿಯಿತೆಂದರೆ ಎಲೆಗೆ ಜಾಗ ಉಳಿಯಲಿಲ್ಲ. ಟೊಂಗೆ ಬಾಗಿ ಬಾಗಿಲು ಮುಚ್ಚಿತು, ಮನೆಯವರು ಎಂಟು ದಿನ ಕಿಟಕಿಯಿಂದ ಓಡಾಡಿದರು. ನನ್ನ ಕಣ್ಣಾರೆ ಕಂಡದ್ದು ಹೇಳುತ್ತಿದ್ದೇನೆ. ಕೊನೆಗೆ ಗಿಡದ ಮಾಲೀಕ ಬಸ್ಸು ಹಿಡಿದು ನಮ್ಮ ಮನೆಗೆ ಬಂದ. ಊರಲ್ಲಿ ಉಪ್ಪಿನಕಾಯಿಗೆ ಭರಣಿ ಉಳಿದಿಲ್ಲ, ಸಾಕು ಅಂತ ಗಿಡಕ್ಕೆ ಒಂದು ಮಾತು ಹೇಳಿ ಎಂದು ಗೋಗರೆದ. ಬೆದರಿಸುವುದಷ್ಟೇ ನನ್ನ ಪಾಲಿನ ಕೆಲಸ, ಸಮಾಧಾನದ ಮಾತಿಗೆ ನನ್ನ ಹೆಂಡತಿಯನ್ನು ಕೇಳು ಅಂದೆ.

ಒಲೆಯ ಮುಂದಿನಿಂದ ಅವಳ ದನಿ ಬಂತು. "ನನ್ನ ಮಾತು ಗಿಡ ಕೇಳ್ತಾವ, ಊರ ಮಂದಿ ಕೇಳ್ತಾರ. ಈ ಮನ್ಯಾಗ ಒಬ್ರನ್ನ ಬಿಟ್ಟು."

೨. ಅಂಗಳದ ಪೇರಲ

ನಮಗೆ ಮಕ್ಕಳಾಗಲಿಲ್ಲ. ಮದುವೆಯಾಗಿ ಹತ್ತು ವರ್ಷವಾದಾಗ ನನ್ನ ಹೆಂಡತಿ ಶಿರವಾಳದ ತವರಿನಿಂದ ಒಂದು ಪೇರಲ ಸಸಿ ತಂದು ಅಂಗಳದಲ್ಲಿ ಹಚ್ಚಿದಳು. ಮುಸುರೆ ತೊಳೆದ ನೀರು ಹಾಕಿ ಬೆಳೆಸಿದಳು. ಪ್ರತಿ ವರ್ಷ ಹೂ ಬಿಡುತ್ತದೆ, ಉದುರಿಸುತ್ತದೆ. ಒಂದು ಕಾಯಿ ನಿಂತದ್ದಿಲ್ಲ. ಊರ ಗಿಡ ಎಷ್ಟು ಬೇಕಾದರೂ ಬೆದರಿಸಿರಿ, ಇದರ ಸುದ್ದಿಗೆ ಬರಬೇಡಿರಿ ಎಂದು ಅವಳು ಮೊದಲೇ ಹೇಳಿಟ್ಟಿದ್ದಳು.

ಪಕ್ಕದ ಮನೆಯಲ್ಲಿ ಒಬ್ಬ ಮಾಸ್ತರ ಇದ್ದಾನೆ. ಒಂದು ದಿನ ಚಹಾದ ಅಂಗಡಿಯಲ್ಲಿ ಹತ್ತು ಮಂದಿಯ ನಡುವೆ ಕೇಳಿದ: "ಯಾಕ ಮುತ್ಯಾ, ನಿಮ್ಮ ಮನಿ ಗಿಡಕ್ಕ ಕಿವಿ ಇಲ್ಲೇನು?"

ನನಗೆ ರೋಷ ಬಂತು. ಬರುವ ಹುಣ್ಣಿಮೆ ಮುಂಜಾನೆ ಎಲ್ಲರೂ ಬರ್ರಿ, ಅದಕ್ಕೂ ಕೊಡಲಿ ಎತ್ತುತ್ತೇನೆ, ಜಾಮೀನು ಸಿಗದಿದ್ದರೆ ಬುಡಸಮೇತ ತೆಗೆಯುತ್ತೇನೆ ಅಂದುಬಿಟ್ಟೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬಡಿಯುತ್ತಿದ್ದ ರೊಟ್ಟಿಯ ಮೇಲೆ ಕೈಯಿಟ್ಟು ಹಾಗೇ ಕುಳಿತಳು. ಹಂಚಿನ ಮೇಲಿದ್ದ ರೊಟ್ಟಿ ಕರ್ರಗಾಯಿತು. ಇಷ್ಟು ವರ್ಷದಲ್ಲಿ ಅವಳ ಕೈಯಲ್ಲಿ ರೊಟ್ಟಿ ಸುಟ್ಟದ್ದು ಅದೇ ಮೊದಲು.

ನಾನು ಪೂರಾ ತಿಂದೆ. ರುಚಿ ಆಗ್ಯಾದ ಅಂತಲೂ ಹೇಳಿದೆ.

೩. ಮೂಗಿನ ಮೇಲೆ

ಅದೇ ವಾರ ನಮ್ಮೂರಿಗೆ ಒಬ್ಬ ಭಂತೇಜಿ, ಅಂದರೆ ಬೌದ್ಧ ಭಿಕ್ಷು, ಬಂದರು. ನಮ್ಮ ಕಡೆಯವರೇ. ಜಪಾನಿನಲ್ಲಿ ಬಹಳ ವರ್ಷ ಇದ್ದು ಝೆನ್ ಎನ್ನುವ ಪಂಥ ಕಲಿತವರು. ಅದರಲ್ಲಿ ಸುಮ್ಮನೆ ಕೂಡುವುದೇ ದೊಡ್ಡ ಕೆಲಸವಂತೆ. ನಮ್ಮೂರ ಗುಡ್ಡ ದೂರದಿಂದ ನೋಡಿದರೆ ಬುದ್ಧ ಅಂಗಾತ ಮಲಗಿದ ಹಾಗೆ ಕಾಣುತ್ತದೆ, ಹಣೆ, ಮೂಗು, ಎದೆ ಎಲ್ಲ. ಬರ್ರಿ, ಮೂಗಿನ ಮೇಲೇ ಕೂಡಿಸುತ್ತೇನೆ ಎಂದು ಅವರನ್ನು ಹತ್ತಿಸಿದೆ.

ಮೇಲೆ ಹೋದರೆ ಬರೀ ಬಂಡೆ, ಮುಳ್ಳುಕಂಟಿ, ಆಡಿನ ಹಿಕ್ಕೆ. ನನ್ನ ಮುಖ ಸಣ್ಣದಾಯಿತು. "ಮೂಗು ಇಲ್ಲೇ ಇತ್ರಿ ಭಂತೇಜಿ" ಅಂದೆ.

ಕೆಳಗಿಂದ ಕಂಡದ್ದು ಸುಳ್ಳೇನು ಎಂದು ಕೇಳಿದರು. ಇಲ್ರಿ, ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ ಅಂದೆ. ಹಾಗಾದರೆ ಈ ಬಂಡೆ ಸುಳ್ಳೇನು ಎಂದರು. ಅದೂ ಅಲ್ಲ ಅಂದೆ. ಯಾವುದೂ ಸುಳ್ಳಲ್ಲ, ಆದರೆ ಎಲ್ಲಿ ನಿಂತು ನೋಡುತ್ತೀವಿ ಅನ್ನುವುದು ಮರೆತರೆ ಅದೇ ಭ್ರಮೆ ಎಂದು ಹೇಳಿ ಬಂಡೆಯ ಮೇಲೆ ಕುಳಿತರು.

ಸುಮ್ಮನೆ ಕೂಡುವುದು ನನ್ನ ಕೈಲಾಗದ್ದು. ನನ್ನ ಕೊಡಲಿಯ ಪ್ರತಾಪ ಹೇಳತೊಡಗಿದೆ. ಗಿಡದ ಜೊತೆ ಮಾತಾಡುವುದು ನನ್ನಿಂದ ಕಲಿಯಬೇಕು ಅಂದೆ. ಪೂರಾ ಕೇಳಿ ಭಂತೇಜಿ ಒಂದೇ ಮಾತು ಕೇಳಿದರು: "ಕೊಡ್ಲಿ ಎತ್ತಿದಾಗ ಅಲ್ಲಿ ಯಾರ್ಯಾರು ಇರ್ತಾರ ಮುತ್ಯಾ?"

"ನಾ, ಗಿಡ, ನನ್ನ ಹೆಂಡತಿ."

"ಅಂಜಿದ್ದು ಗಿಡಾನೇ ಅಂತ ಹೆಂಗ ಗೊತ್ತು?"

ಇದೆಂಥಾ ಪ್ರಶ್ನೆ ಅಂದುಕೊಂಡು ಗುಡ್ಡ ಇಳಿದೆ. ಮನೆಗೆ ಬಂದು, ಇವತ್ತು ಬುದ್ಧನ ಮೂಗಿನ ಮೇಲೆ ಕುಳಿತಿದ್ದೆ, ಕಂಡಿರಬೇಕಲ್ಲ ಎಂದು ಹೆಂಡತಿಗೆ ಕೇಳಿದೆ.

"ಗುಡ್ಡದ ಮ್ಯಾಲ ಒಂದು ಆಡು ಕಾಣ್ತು," ಎಂದಳು. "ನೀವೇ ಇರಬೇಕು."

೪. ಹುಣ್ಣಿಮೆ ಮುಂಜಾನೆ

ಹುಣ್ಣಿಮೆಗೆ ಓಣಿಗೆ ಓಣಿಯೇ ಅಂಗಳದಲ್ಲಿ ನೆರೆಯಿತು. ಮಾಸ್ತರ ಮುಂದೆ ನಿಂತ. ಭಂತೇಜಿ ಗೋಡೆಯ ಬದಿಗೆ ಕುಳಿತರು. ನಾನು ಮೀಸೆ ತಿರುವಿ ಕೊಡಲಿ ಎತ್ತಿದೆ. "ಕಾಯಿ ಬಿಡದ ಗಿಡ ಮನಿಗ್ಯಾಕ? ಇದನ್ನ ಕಡದು ಇನ್ನೊಂದು ತಂದು ಹಚ್ತೀನಿ" ಎಂದು ಗುಡುಗಿದೆ.

ಹೆಂಡತಿ ನಡುವೆ ಬರಲಿಲ್ಲ.

ಇನ್ನೊಮ್ಮೆ ಗುಡುಗಿದೆ. ಆಗಲೂ ಅವಳು ನಿಂತಲ್ಲಿಂದ ಕದಲಲಿಲ್ಲ. ಎತ್ತಿದ ಕೊಡಲಿ ಎತ್ತಿದಂತೆಯೇ ಇತ್ತು. ಇಳಿಸುವ ಹಾಗಿಲ್ಲ, ಕಡಿಯುವ ಮನಸ್ಸಿಲ್ಲ. ಮಾಸ್ತರನಿಗೂ ಗಾಬರಿಯಾಗಿ, ಆಯಿ, ಜಾಮೀನು ಹೇಳಿಬಿಡ್ರಿ ಅಂದ.

ಅವಳು ದನಿ ಏರಿಸಲಿಲ್ಲ. "ಊರ ಗಿಡಕ್ಕೆಲ್ಲ ನಾ ಜಾಮೀನ ನಿಂತೆ. ನಿಮ್ಮವ್ವ ಇದೇ ಅಂಗಳದಾಗ ನನ್ನ ತೋರಿಸಿ, ಇದನ್ನ ಕಳಿಸಿ ಇನ್ನೊಬ್ಬಾಕಿನ್ನ ತಾ ಅಂದಾಗ, ನನಗ ಯಾರು ನಿಂತ್ರು?"

ಅವ್ವ ಹಾಗೆ ಅಂದದ್ದು ಖರೆ. ನಾನು ಆಗ ಅಲ್ಲೇ ಕುಳಿತು ಹಗ್ಗ ಹೊಸೆಯುತ್ತಿದ್ದೆ. ತಲೆ ಎತ್ತಲಿಲ್ಲ. ಎರಡನೆಯವಳನ್ನು ತರಲಿಲ್ಲ ಎಂದು ಜೀವಮಾನವೆಲ್ಲ ಕೊಚ್ಚಿಕೊಂಡೆ. ಆದರೆ ಆ ದಿನ ಬಾಯಿ ಬಿಟ್ಟಿರಲಿಲ್ಲ. ಎಲ್ಲರ ಅಂಗಳದಲ್ಲೂ ಅವ್ವನ ಅದೇ ಮಾತನ್ನು ಗುಡುಗಿದ್ದೆ, ಪ್ರತಿ ಸಲವೂ ಅದರ ಮುಂದೆ ಇವಳನ್ನೇ ನಿಲ್ಲಿಸಿದ್ದೆ.

ಭಂತೇಜಿಯ ಕಡೆ ನೋಡಿದೆ. ಅವರು ಗಿಡ ನೋಡುತ್ತಿದ್ದರು.

ಕೊಡಲಿ ಹೊತ್ತುಕೊಂಡೇ ಸುತ್ತಿ ಬಂದು, ಗಿಡದ ಮುಂದೆ, ಜಾಮೀನಿಗೆ ಅವಳು ನಿಲ್ಲುವ ಜಾಗದಲ್ಲಿ ನಿಂತೆ. ಕೊಡಲಿಯ ಕಾವಿನ ಸುತ್ತ ಎರಡೂ ಕೈ ಜೋಡಿಸಿದೆ. ಗುಡುಗುವ ದನಿ ಎಲ್ಲಿ ಹೋಯಿತೋ, ಸಣ್ಣಗೆ ಬಂತು: "ಕಾಯಿ ಬಿಟ್ರೂ ಇರ್ಲಿ, ಬಿಡದಿದ್ರೂ ಇರ್ಲಿ. ಇದು ಈ ಮನೀದು. ನಾ ಜಾಮೀನ."

ಯಾರೂ ನಗಲಿಲ್ಲ. ಹೆಂಡತಿ ಹತ್ತಿರ ಬಂದು ನನ್ನ ಕೈಯಿಂದ ಕೊಡಲಿ ಬಿಡಿಸಿಕೊಂಡು ಗೋಡೆಗೆ ಆನಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಎದುರಿಗೆ ನಿಂತಳು.

"ಗಿಡಕ್ಕ ಕೇಳಿಸ್ತು," ಎಂದಳು. "ನನಗ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಮ್ಮೆ ಹೇಳ್ರಿ."