ನಮ್ಮ ಬೀದಿಗೊಬ್ಬ ನಾಸ್ತಿಕ

ಭೌತಶಾಸ್ತ್ರ ಓದಿದವನಿಗೆ ದೇವರ ಮೇಲೆ ನಂಬಿಕೆ ಇರಕೂಡದು ಎಂದು ತೀರ್ಮಾನ ಮಾಡಿದವರು ಯಾರೋ ನನಗೆ ಗೊತ್ತಿಲ್ಲ. ಅವರು ಭೌತಶಾಸ್ತ್ರ ಓದಿದವರಂತೂ ಇರಲಾರರು. ಡಾಕ್ಟರು ಆಪರೇಷನ್ನಿಗೆ ಮುಂಚೆ ಗಣಪತಿ ಫೋಟೋಗೆ ಕೈ ಮುಗಿದರೆ ಎಷ್ಟು ವಿನಯ ಅನ್ನುತ್ತಾರೆ. ಇಂಜಿನಿಯರು ಸೇತುವೆ ಮುಂದೆ ಕುಂಬಳಕಾಯಿ ಒಡೆಸಿದರೆ ಸಂಸ್ಕಾರವಂತ. ಪಿಯು ಕಾಲೇಜಿನಲ್ಲಿ ಘರ್ಷಣೆ, ಗುರುತ್ವ ಅಂತ ಪಾಠ ಮಾಡಿಕೊಂಡಿರುವ ನಾನು ಸೋಮವಾರ ಈಶ್ವರನ ಗುಡಿಗೆ ಹೋದರೆ ಮಾತ್ರ, “ಏನ್ ಸರ್, ಮನೆಯೋರನ್ನ ಬಿಡಾಕ ಬಂದ್ರಾ?” ಎಂದು ಕೇಳುತ್ತಾರೆ. ನಾನು ಬಂದಿರುವುದು ಡ್ರೈವರ್ ಕೆಲಸಕ್ಕೆ ಎಂದು ಅವರ ಲೆಕ್ಕ.

ನಿಜ ಹೇಳಬೇಕೆಂದರೆ ನಾನು ಹುಟ್ಟಾ ಭಕ್ತ. ಪುಕ್ಕಲ ಅಂದರೂ ಬೇಸರವಿಲ್ಲ. ನನ್ನ ಮಟ್ಟಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ವಿಭೂತಿ ಧರಿಸಿ ಲಿಂಗಪೂಜೆ ಮಾಡದೆ ಕಾಫಿ ಲೋಟ ಮುಟ್ಟಿದವನಲ್ಲ. ಆದರೆ ಸ್ಕೂಟರ್ ಹತ್ತುವಾಗ ಹಾಕಿಕೊಳ್ಳುವ ಹೆಲ್ಮೆಟ್ ಆ ವಿಭೂತಿಯನ್ನೆಲ್ಲ ಒರೆಸಿಬಿಡುತ್ತದೆ. ಹಾಗಾಗಿ ದಾವಣಗೆರೆಯ ಜನ ನನ್ನ ಹಣೆಯನ್ನು ನೋಡಿರುವುದೆಲ್ಲ ಬೋಳಾಗಿಯೇ.

ಇಷ್ಟಕ್ಕೆಲ್ಲ ಕಾರಣ ಒಂದು ನಿಂಬೆಹಣ್ಣು. ವಿನೋಬನಗರದ ನಮ್ಮ ಬೀದಿಯಲ್ಲಿ ಅಮಾವಾಸ್ಯೆಯ ಮರುದಿನ ಯಾರೋ ಮಂತ್ರಿಸಿ ಎಸೆದ, ಕುಂಕುಮ ಮೆತ್ತಿದ ನಿಂಬೆಹಣ್ಣು ನಡುರಸ್ತೆಯಲ್ಲಿ ಬಿದ್ದಿತ್ತಂತೆ. ಆಟೋದವರು ಅದನ್ನು ಕಂಡು ಗಾಡಿ ತಿರುಗಿಸಿಕೊಂಡು ಹೋಗಿದ್ದರಂತೆ. ಮೊದಲ ಪಿರಿಯಡ್ಡಿಗೆ ತಡವಾಗಿದ್ದ ನಾನು ನೋಡದೆ ಅದರ ಮೇಲೇ ಸ್ಕೂಟರ್ ಹತ್ತಿಸಿಕೊಂಡು ಹೋದೆ. ಸಂಜೆ ಬಂದಾಗ ಎದುರುಮನೆಯ ಗೌರಮ್ಮನವರು ಗೇಟಿನಲ್ಲಿ ಕಾದು ನಿಂತಿದ್ದರು. “ಆರಾಮದೀರೇನ್ರಿ ಸರ್? ಕೈಕಾಲೆಲ್ಲ ಸರಿ ಅದಾವ?” ಎಂದು ಕೇಳಿ, ನಿಂಬೆಹಣ್ಣಿನ ವಿಷಯ ಹೇಳಿದರು. ನಾನು ಬಗ್ಗಿ ಸ್ಕೂಟರಿನ ಚಕ್ರ ನೋಡಿದೆ. ಅಷ್ಟರಲ್ಲಿ ಅವರೇ ಪಕ್ಕದವರ ಕಡೆ ತಿರುಗಿ, “ನಾ ಹೇಳ್ಲಿಲ್ಲಾ? ಸೈನ್ಸ್ ಓದಿದೋರಿಗೆ ಅದೆಲ್ಲ ತಟ್ಟಂಗಿಲ್ಲ” ಎಂದರು. ಅಷ್ಟು ಮರ್ಯಾದೆಯನ್ನು ಕಾಲೇಜಿನಲ್ಲೂ ಯಾರೂ ಕೊಟ್ಟಿರಲಿಲ್ಲ. ಸುಮ್ಮನೆ ನಕ್ಕು ಒಳಗೆ ಹೋದೆ. ಒಳಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡದ್ದು ನನ್ನ ಹೆಂಡತಿ ಸರೋಜಾಳಿಗೆ ಮಾತ್ರ ಗೊತ್ತು.

ಅಂದಿನಿಂದ ಬೀದಿಯ ಅಪಶಕುನಗಳಿಗೆಲ್ಲ ನಾನೇ ಗುತ್ತಿಗೆದಾರ. ಗ್ರಹಣ ಹಿಡಿದಿರುವಾಗ ಯಾರ ಮನೆಯಲ್ಲೋ ಮಗು ಅತ್ತರೆ ಹಾಲಿನ ಪ್ಯಾಕೆಟ್ ತರುವವನು ನಾನು. ಹೊಸ ಬೈಕಿನ ಮೇಲೆ ಕಾಗೆ ಕೂತರೆ ಅದನ್ನು ಮೊದಲು ಓಡಿಸುವವನು ನಾನು. ಗಾಜು ಒಡೆದ ದೇವರ ಫೋಟೋಗಳನ್ನು ಎಸೆಯಲು ಹೆದರಿ, ಚೀಲಕ್ಕೆ ತುಂಬಿ ನಮ್ಮ ಕಾಂಪೌಂಡಿನಲ್ಲಿಟ್ಟು ಹೋಗುತ್ತಾರೆ. “ನನಗೂ ಭಯ ಆಗುತ್ತೆ ಕಣ್ರೀ” ಎಂದರೆ, “ನೀವು ಭಾಳ ತಮಾಷಿ ಮಾಡ್ತೀರಿ ಬಿಡ್ರಿ ಸರ್” ಅನ್ನುತ್ತಾರೆ. ಸ್ಟಾಫ್ ರೂಮಿನಲ್ಲಾದರೂ ನೆಮ್ಮದಿ ಇದೆಯೇ ಅಂದರೆ, ಕನ್ನಡದ ಮೇಷ್ಟ್ರು ದಿನಾ ನನ್ನೆದುರು ಕೂತು ದೇವರಿದ್ದಾನೆ ಎಂದು ವಾದ ಹೂಡುತ್ತಾರೆ. ನಾನು “ಹೌದು, ಇದ್ದಾನೆ” ಎನ್ನುತ್ತೇನೆ. ಅವರು “ಅದು ಹೆಂಗೆ ಇಲ್ಲ ಅಂತೀರಿ?” ಎಂದು ಮುಂದುವರಿಯುತ್ತಾರೆ.

ಇದನ್ನೂ ಸಹಿಸಿಕೊಂಡಿರುತ್ತಿದ್ದೆ, ಮಗಳ ಮದುವೆಯ ಮಾತು ಬರದಿದ್ದರೆ. ನಮ್ಮ ವೀಣಾ ಮತ್ತು ಹರಿಹರದ ಪ್ರಶಾಂತ ಬಿಎಸ್ಸಿಯಲ್ಲಿ ಜೊತೆಗೆ ಓದಿದವರು, ಪರಸ್ಪರ ಮೆಚ್ಚಿದವರು. ಹುಡುಗ ಈಗ ತಂದೆ ಮುರುಗೆಪ್ಪನವರ ಬೀಜ-ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಾನೆ. ಮುರುಗೆಪ್ಪನವರದು ಗುಡಿಗೆ ಹೋಗದೆ ಅಂಗಡಿಯ ಬೀಗ ತೆಗೆಯದ ಮನೆತನ. ಅವರ ಕಡೆಯವರು ನಮ್ಮ ಬೀದಿಗೆ ಬಂದು ವಿಚಾರಿಸಿದ್ದು ಗೌರಮ್ಮನವರನ್ನೇ. ಅವರು ಹೇಳಿದರಂತೆ: “ಸರ್ ಬಂಗಾರದಂಥೋರು. ದೇವರನ್ನ ನಂಬಲ್ಲ, ಅಷ್ಟೇ.” ಆಮೇಲೆ ಹರಿಹರದಿಂದ ಫೋನೇ ಇಲ್ಲ. ವೀಣಾ ಊಟ ಬಿಟ್ಟು ಕೂತಳು. “ಅಪ್ಪಾ, ನಿನ್ನ ಈ ಹೆಸರಿನಿಂದ ನನ್ನ ಮದುವೆ ತಪ್ಪಿದರೆ ನಾನು ಯಾರನ್ನೂ ಮಾಡಿಕೊಳ್ಳೋದಿಲ್ಲ” ಎಂದಳು. ನನಗೆ ಸಿಟ್ಟು, ಅಳು ಒಟ್ಟಿಗೇ ಬಂತು. ನೆಟ್ಟಗೆ ಎದುರುಮನೆಗೆ ಹೋಗಿ, ನಾನು ದಿನಾ ಪೂಜೆ ಮಾಡುತ್ತೇನೆಂದು ಹರಿಹರದವರಿಗೆ ಒಂದು ಮಾತು ತಿಳಿಸಿ ಎಂದು ಬೇಡಿಕೊಂಡೆ. ಗೌರಮ್ಮನವರು ಸೆರಗು ಸರಿಮಾಡಿಕೊಂಡರು. “ನಿಮಗೋಸ್ಕರ ಏನ್ ಬೇಕಾದ್ರೂ ಹೇಳ್ತೀನ್ರಿ ಸರ್. ದೇವರ ವಿಷಯದಾಗ ಮಾತ್ರ ಸುಳ್ಳು ಹೇಳಂಗಿಲ್ಲ” ಎಂದರು.

ಕೊನೆಗೆ ಒಂದು ದಿನ ಮುರುಗೆಪ್ಪನವರೇ ಫೋನ್ ಮಾಡಿ, “ಮನೀಗೆ ಬಂದು ಹೋಗ್ರಿ, ಸ್ವಲ್ಪ ಮಾತಾಡೋದೈತೆ” ಎಂದರು. ಸ್ಕೂಟರನ್ನು ಮನೆಯಲ್ಲೇ ಬಿಟ್ಟು, ಹಣೆ ತುಂಬ ದಪ್ಪಗೆ ವಿಭೂತಿ ಬಳಿದುಕೊಂಡು, ಬಸ್ಸಿನಲ್ಲಿ ಹರಿಹರಕ್ಕೆ ಹೋದೆ. ಗುಡಿಯಲ್ಲಿ ಕಾಯಿ ಒಡೆಸಿ, ಒಂದು ಹೋಳನ್ನು ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದೇ ಅವರ ಬಾಗಿಲಿಗೆ ಬಂದೆ. ಮುರುಗೆಪ್ಪನವರು ನೋಡಿ ನಕ್ಕರು. “ನಮ್ಮ ಸಲುವಾಗಿ ಇಷ್ಟೆಲ್ಲ ಮಾಡ್ಕೊಂಡು ಬಂದೀರಿ. ಬ್ಯಾಡಾಗಿತ್ತು ಬಿಡ್ರಿ” ಎಂದು ಹಿತ್ತಲಿಗೆ ಕರೆದೊಯ್ದರು.

ಅಲ್ಲೊಂದು ದೊಡ್ಡ ಹುಣಸೆಮರ. ಅದರ ಬೇರು ನುಗ್ಗಿ ಅಡಿಗೆಮನೆಯ ಗೋಡೆ ಬಿರುಕು ಬಿಟ್ಟಿತ್ತು. “ಈ ಮರದಾಗ ಏನೋ ಐತೆ ಅಂತ ನಮ್ಮಜ್ಜನ ಕಾಲದಿಂದ ಮಾತು” ಎಂದರು ಅವರು. “ಕಡಿಯೋ ಆಳುಗಳು ಮೊದಲ ಏಟು ಮನೆಯೋರೇ ಹಾಕ್ಬೇಕು ಅಂತಾರೆ. ನಮ್ಮನ್ಯಾಗ ಎಲ್ಲರೂ ದೈವಭಕ್ತರು, ಯಾರಿಗೂ ಕೈ ಬರವಲ್ದು. ಬೀಗರಾದ್ರೆ ಮನೆಯೋರ ಲೆಕ್ಕಾನೇ ಅಲ್ರಿ. ನಿಮ್ಮ ವಿಷಯ ಕೇಳಿದ ಮ್ಯಾಲೆ ನಮ್ಮ ಮನೆಯೋರು, ಇಂಥ ಬೀಗರು ಸಿಗಂಗಿಲ್ಲ, ಈ ಸಂಬಂಧ ಬಿಡಬ್ಯಾಡ್ರಿ ಅಂತ ಹಟ ಹಿಡಿದಾರೆ.” ಹಾಗೆಂದವರೇ ಗೋಡೆಗೆ ಒರಗಿಸಿದ್ದ ಕೊಡಲಿ ತೆಗೆದು ನನ್ನ ಮುಂದೆ ಹಿಡಿದು, ಸ್ವಲ್ಪ ಅನುಮಾನದಿಂದ ನನ್ನ ಹಣೆ ನೋಡಿದರು. “ಖರೇನ ನೀವು ಏನೂ ನಂಬಂಗಿಲ್ಲ ಹೌದಲ್ರಿ? ನಂಬೋರಾದ್ರೆ ಮುಟ್ಟಬ್ಯಾಡ್ರಿ. ಬ್ಯಾರೆ ಯಾರನ್ನಾದ್ರೂ ನೋಡ್ತೀವಿ.”

ಬೇರೆಯವರನ್ನು ನೋಡುವುದು ಮರಕ್ಕೋ ಮದುವೆಗೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಊಟ ಬಿಟ್ಟು ಕೂತ ವೀಣಾಳ ಮುಖ ನೆನಪಾಯಿತು. ಕರ್ಚೀಫು ತೆಗೆದು ಹಣೆಯನ್ನು ನೀಟಾಗಿ ಒರೆಸಿಕೊಂಡೆ. “ಏನೂ ನಂಬಲ್ಲ” ಎಂದು ಹೇಳಿ, ಕಣ್ಣು ಮುಚ್ಚಿ ಕೊಡಲಿ ಬೀಸಿದೆ.

ಮದುವೆ ಗೊತ್ತಾಗಿದೆ. ವೀಣಾ ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದಾಳೆ. ಮುರುಗೆಪ್ಪನವರು ಫೋನಿನಲ್ಲಿ, ತಮ್ಮ ಮನೆಯಲ್ಲಿ ಹೆದರಿ ಮುಚ್ಚಿಟ್ಟಿರುವ ಒಂದು ಹಳೇ ಕೋಣೆಯ ಬಾಗಿಲನ್ನೂ ನಾನೇ ತೆಗೆಯಬೇಕೆಂದು ಹೇಳಿದ್ದಾರೆ. ಈಗ ನಾನು ಪೂಜೆಗೆ ಕೂರುವ ಮುಂಚೆ ಬಾಗಿಲ ಚಿಲಕ ಹಾಕಿ, ಕಿಟಕಿ ಮುಚ್ಚುತ್ತೇನೆ. ನನಗೆ ನಿನ್ನ ಮೇಲೆ ನಂಬಿಕೆ ಇರುವ ಸಂಗತಿ ಹರಿಹರದವರೆಗೆ ಮುಟ್ಟದಂತೆ ನೋಡಿಕೋ ತಂದೆ ಎಂದು ದಿನಾ ಭಕ್ತಿಯಿಂದ ಬೇಡಿಕೊಳ್ಳುತ್ತೇನೆ. ಇಲ್ಲಿಯವರೆಗೂ ಅವನು ಕೈ ಬಿಟ್ಟಿಲ್ಲ.