ಉಸಿರೆಳೆದವರಿಗೆ ಚಹಾ

ಉಸಿರಾಡುವುದನ್ನೂ ಪಂದ್ಯ ಮಾಡಿದ ಮನುಷ್ಯನನ್ನು ನೋಡಿದ್ದೀರಾ? ಇಲ್ಲವಾದರೆ ಅತನೂರಿಗೆ ಬನ್ನಿ, ನಮ್ಮ ಸೋದರಮಾವನನ್ನು ತೋರಿಸುತ್ತೇನೆ. ಚಹಾ ಮಾತ್ರ ಮನೆಯಲ್ಲೇ ಕುಡಿದು ಬನ್ನಿ!

ಹೋದ ವರ್ಷ ನ್ಯುಮೋನಿಯಾ ಆಗಿ ಮಾವ ಕಲಬುರಗಿಯ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲಿದ್ದ. ಬದುಕಿ ಬಂದ, ಆದರೆ ದನಿ ಹೋಗಿತ್ತು. ಅದೆಂಥ ದನಿ ಅಂತೀರಿ! ಹೊಲದ ಬದುವಿನಲ್ಲಿ ನಿಂತು "ಕೇಳ್ತದೇನ ಬೇ, ರೊಟ್ಟಿ ತಾ!" ಎಂದು ಒದರಿದರೆ ಅತ್ತೆಯ ಜೊತೆಗೆ ಪಕ್ಕದ ಮನೆಯವರೂ ಬುತ್ತಿ ಕಟ್ಟುತ್ತಿದ್ದರು. "ನಾ ಏನ್ ಕಿವಡಿ ಇದ್ದೇನೇನ್ರಿ?" ಎಂದು ಅತ್ತೆಯದು ನಿತ್ಯ ಜಗಳ. ಈಗ ಬರುವುದು ಸೈಕಲ್ ಟೈರಿನ ಗಾಳಿ ಬಿಟ್ಟಂಥ ಸದ್ದು. ಮೊದಲಿನ ದನಿ ಬರುತ್ತದೆಯೇ ಎಂದರೆ ಡಾಕ್ಟರು "ನೋಡೋಣ್ರಿ" ಎಂದರು.

ಉಸಿರು ಗಟ್ಟಿಯಾಗಲೆಂದು ಮೂರು ಗುಂಡಿನ ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು. ಕೊಳವೆ ಕಚ್ಚಿ ಉಸಿರೆಳೆದರೆ ಗುಂಡು ಮೇಲೇರಬೇಕು. ಮಾವನಿಗೆ ಏರಿದ್ದು ಒಂದೇ. ಒಬ್ಬನೇ ಸೋಲುವುದೆಂದರೇನು? ಬಂದವರಿಗೆಂದೇ ಇನ್ನೊಂದು ಡಬ್ಬಿ ತರಿಸಿದ! ಮಾತಾಡಿಸಲು ಬಂದವರು ಮೂರೂ ಗುಂಡು ಏರಿಸಿದರೆ ಮಾತ್ರ ಚಹಾ. ಬೀಡಿ ಸೇದುವ ಬೀಗರು ಎಳೆದೆಳೆದು ಕಣ್ಣು ಮೇಲೆ ಮಾಡಿದರು, ಗುಂಡು ಅಲುಗಲಿಲ್ಲ. "ಬೀಗರ, ನನ್ನಕಿಂತ ಮೊದಲ ನೀವು ಅಡ್ಮಿಟ್ ಆಗಬೇಕಿತ್ತು ನೋಡ್ರಿ!" ಎಂದ ಮಾವ. ಬೀಗರು ಚಹಾ ಇಲ್ಲದೆ ಹೋದರು, ಬೀಡಿ ಕಟ್ಟು ಮಾವನ ಮನೆಯ ಕಟ್ಟೆಯ ಮೇಲೇ ಉಳಿಯಿತು.

ಆಸ್ಪತ್ರೆಗೆ ಆಗಾಗ ತಪಾಸಣೆಗೆ ಹೋಗಬೇಕು. ವರಾಂಡದಲ್ಲಿ ಆರು ನಿಮಿಷ ನಡೆಸಿ, ಎಷ್ಟು ದೂರ ಹೋದರೆಂದು ಅಳೆಯುತ್ತಾರೆ. ಮಾವ ಹೆಜ್ಜೆಹೆಜ್ಜೆಗೂ ನಿಂತ. ಡಾಕ್ಟರಿಗೆ ಗಾಬರಿ.

"ದಮ್ಮು ಹತ್ತಾಕತ್ತದೇನ್ರಿ?"

"ಇಲ್ರೀ ಸಾಹೇಬ್ರ. ಬೆಂಚಿನ ಮ್ಯಾಲ ಜೇವರ್ಗಿಯವ್ರು ಕುಂತಾರ, ಯಡ್ರಾಮಿಯವ್ರು ಕುಂತಾರ. ಆರಾಮ ಇದ್ದೀರೇನ್ರಿ ಅನ್ನಲಾರ್ದ ಹೆಂಗ ದಾಟ್ಲಿ?"

ಬೆಂಚಿನವರನ್ನೆಲ್ಲ ಒಳಗೆ ಕೂರಿಸಿ ಮಾವನನ್ನು ಮತ್ತೆ ನಡೆಸಬೇಕಾಯಿತು!

ನಡಿಗೆ ಸುಧಾರಿಸಿತು, ಹೊಲಕ್ಕೂ ಹೋಗತೊಡಗಿದ. ದನಿ ಮಾತ್ರ ಇಲ್ಲ. ಬದುವಿನಿಂದ ಮೊಬೈಲಿನಲ್ಲಿ ರೊಟ್ಟಿ ಕೇಳುತ್ತಿದ್ದ. ಅತ್ತೆ ಫೋನು ಎತ್ತಿ "ಹ್ಞೂಂ" ಎಂದಷ್ಟೇ ಇಡುತ್ತಿದ್ದಳು. ಜಗಳವಿಲ್ಲದ ಆ ಮನೆ ನನಗೇ ಬೇಸರ ತರಿಸುತ್ತಿತ್ತು.

ಮೊನ್ನೆ ಒಲೆಯ ಮುಂದೆ ಅತ್ತೆಯೊಡನೆ ಕುಳಿತಿದ್ದೆ. ಹೊಲದ ಕಡೆಯಿಂದ ಬಂತು, ಸ್ವಲ್ಪ ಒಡಕಾದರೂ ಅದೇ ದನಿ:

"ಕೇಳ್ತದೇನ ಬೇ, ರೊಟ್ಟಿ ತಾ!"

"ಅತ್ತಿ, ಮಾವ ಒದರಾಕತ್ತಾನ!" ಎಂದು ನಾನು ದಡಬಡಿಸಿ ಎದ್ದೆ.

ಅತ್ತೆ ನನ್ನ ಕೈ ಹಿಡಿದು ಕೂರಿಸಿದಳು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು, ಸೆರಗು ಕಣ್ಣಿನ ಮೇಲಿತ್ತು.

"ಕೇಳ್ಸ್ಯದ, ಸುಮ್ಮನಿರು. ಇನ್ನೊಮ್ಮಿ ಒದರ್ಲಿ."