ಕೆಂಪು ಟೊಪ್ಪಿಗೆಯ ಅಪ್ಪ

‘ನನ್ನ ಮಗಳು ಹಡೆದವ್ವನ್ನ ಬೇಕಾದ್ರ ಬಿಟ್ಟಾಳು, ನನ್ನ ಬಿಡಂಗಿಲ್ಲ!’

ಚಿತ್ತಾಪುರದ ತಹಶೀಲ ಕಚೇರಿಯ ಗುಮಾಸ್ತ ಗುರುಲಿಂಗಯ್ಯ ಹೀಗೆ ಸಾರದ ದಿನವಿರಲಿಲ್ಲ. ಸಾಕ್ಷಿಯೂ ಇತ್ತು. ಸಂಜೆ ಅವನು ಹೊಸ್ತಿಲು ದಾಟಿದನೋ ಇಲ್ಲವೋ, ಒಂಬತ್ತು ತಿಂಗಳ ಭಾಗಮ್ಮ ಅಂಬೆಗಾಲಲ್ಲೇ ಓಡಿಬಂದು ತೋಳಿಗೆ ಹಾರಿ, ಅವನ ಕೆಂಪು ರೂಮಿ ಟೊಪ್ಪಿಗೆಯ ಕರಿ ಗೊಂಡೆ ಹಿಡಿದು ಕೇಕೆ ಹಾಕುತ್ತಿದ್ದಳು.

‘ಒಂದ್ ತಾಸು ಆಡಿಸೋದು, ಬಡಿವಾರ ನೋಡ್ರಿ!’ ಎಂದು ಹೆಂಡತಿ ನೀಲಾಬಾಯಿ ಒಲೆ ಊದುತ್ತಿದ್ದಳು.

ಅಷ್ಟರಲ್ಲಿ ನಿಜಾಮರ ಆಳಿಕೆ ಮುಗಿಯಿತು. ಕಚೇರಿಯ ಕೆಂಪು ಟೊಪ್ಪಿಗೆಗಳೆಲ್ಲ ಮಾಯವಾಗಿ, ತಲೆ ತಲೆಯ ಮೇಲೂ ಬಿಳಿ ಗಾಂಧಿ ಟೊಪ್ಪಿಗೆಗಳು ಮೊಳೆತವು. ಗುರುಲಿಂಗಯ್ಯನೂ ಒಂದು ಕೊಂಡು ತಲೆಗೇರಿಸಿ, ಸ್ವತಂತ್ರ ಭಾರತದ ಠೀವಿಯಲ್ಲಿ ಮನೆಗೆ ಬಂದು ಕೈ ಚಾಚಿದ.

ಭಾಗಮ್ಮ ಒಮ್ಮೆ ನೋಡಿದಳು. ತುಟಿ ಸೊಟ್ಟಗಾಯಿತು. ಆಮೇಲೆ ತೆಗೆದ ರಾಗಕ್ಕೆ ಪಕ್ಕದ ಮನೆಯ ಇಮಾಮ್ಬೀ ಸೌಟು ಹಿಡಿದೇ ಓಡಿಬಂದಳು.

‘ಯಾ ಅಲ್ಲಾ! ಯಾಕ ಹೊಡದ್ರಿ ಕೂಸಿಗಿ?’

‘ಹೊಡದಿಲ್ಲವ್ವಾ, ಎತ್ಕೊಳ್ಳಾಕತ್ತೀನಿ ಅಷ್ಟೇ!’

ಹಾಡಿದ, ಕುಣಿದ, ಬೆಕ್ಕಿನಂತೆ ಕೂಗಿದ. ಕೂಸು ಅವ್ವನ ಸೆರಗಿನೊಳಗೆ ಹೊಕ್ಕು ಇನ್ನೂ ಜೋರು ಮಾಡಿತು. ಕೊನೆಗೆ ಟ್ರಂಕಿನಿಂದ ಕೆಂಪು ಟೊಪ್ಪಿಗೆ ಹೊರಬಂತು. ಅಳು ಬಂದ್! ಅಂದಿನಿಂದ ಕಚೇರಿಗೆ ಬಿಳಿ, ಮನೆಗೆ ಕೆಂಪು.

ಒಂದು ಐತವಾರ ಗುರುಲಿಂಗಯ್ಯ ಕೆಂಪು ಟೊಪ್ಪಿಗೆ ಹಾಕಿಕೊಂಡು, ಮಗಳನ್ನು ಬೆನ್ನ ಮೇಲೆ ಕೂಡಿಸಿಕೊಂಡು, ಕುದುರೆಯಾಗಿ ಪಡಸಾಲೆ ಸುತ್ತುತ್ತಿದ್ದ. ಕಚೇರಿ ಕಪಾಟಿನ ಕೀಲಿ ಕೇಳಿಕೊಂಡು ಬಾಗಿಲಲ್ಲಿ ಬಂದು ನಿಂತವರು ಹೊಸ ತಹಶೀಲ್ದಾರ ಸಾಹೇಬರು!

‘ಏನ್ರಿ ಗುರುಲಿಂಗಯ್ಯ, ಮನ್ಯಾಗ ಇನ್ನೂ ಹಳೇ ದರ್ಬಾರ ನಡದದೇನು?’

ನೌಕರಿ ಕಣ್ಣೆದುರೇ ಹಾರಿಹೋದಂತಾಯಿತು. ಕುದುರೆ ಕೈಮುಗಿಯಲು ಹೋಗಿ ಮುಗ್ಗರಿಸಿತು. ‘ದೇವರಾಣಿ ಸಾಹೇಬ್ರ, ಇದು ರಾಜಕಾರಣ ಅಲ್ರಿ. ಟೊಪ್ಪಿಗಿ ತಗದ್ರ ಮಗಳು ನನ್ನ ಗುರ್ತಾ ಹಿಡಿಯಂಗಿಲ್ರಿ!’

‘ತಗೀರಿ, ನೋಡಾಮು.’

ತೆಗೆದ. ರಾಗ ಶುರು! ಸಾಹೇಬರು ಕಿವಿ ಮುಚ್ಚಿಕೊಂಡು ನಕ್ಕರು. ‘ಕೊಡ್ರಿ ಇಲ್ಲಿ’ ಎಂದು ತಮಾಷೆಗೆ ಟೊಪ್ಪಿಗೆಯನ್ನು ತಾವೇ ಇಟ್ಟುಕೊಂಡರು. ಅಷ್ಟೇ! ಭಾಗಮ್ಮ ಹಡೆದಪ್ಪನ ಕಡೆ ತಿರುಗಿಯೂ ನೋಡದೆ ಸಾಹೇಬರ ತೋಳಿಗೆ ಹಾರಿ ಗೊಂಡೆ ಜಗ್ಗಿದಳು.

ನೌಕರಿ ಉಳಿಯಿತು, ಮಾನ ಉಳಿಯಲಿಲ್ಲ. ಸಾಹೇಬರು ಹೋದ ಮೇಲೆ ಗುರುಲಿಂಗಯ್ಯ ಗೋಡೆಗೆ ಒರಗಿ ಕುಂತ.

‘ನನ್ನ ಮಗಳು ನನಗಲ್ಲ, ಟೊಪ್ಪಿಗಿಗಿ ಹತ್ಕೊಂಡಾಳ!’

‘ಮತ್ತೇನ್ರಿ? ನಾ ಸೀರಿ ಬದಲಿಸಿದ್ರ ಅಳ್ತಾಳೇನು? ಹಸುವಾದಾಗ, ಅಂಜಿದಾಗ, ಒದ್ದಿಯಾದಾಗ ಯಾರು ಬರ್ತಾರ, ಅವರ ಮಾರಿ ಗುರ್ತಿರ್ತದ ಕೂಸಿಗಿ.’

ಮರುದಿನದಿಂದ ಗುಮಾಸ್ತರು ಬರಿತಲೆಯಲ್ಲೇ ಗಂಜಿ ಉಣಿಸಿದರು, ಲಾಲಿ ಒದರಿದರು, ಬಾವಿಕಟ್ಟೆಯ ಮೇಲೆ ಕುಂತು ಕೂಸಿನ ಬಟ್ಟೆ ಹಿಂಡಿದರು. ಭಾಗಮ್ಮ ಮೊದಮೊದಲು ಚೀರಿದಳು. ಆಮೇಲೆ ದುರುಗುಟ್ಟಿ ನೋಡಿದಳು. ಒಂದು ಸಂಜೆ ಬರಿತಲೆಯ ಅಪ್ಪನನ್ನು ಕಂಡು ನಕ್ಕು, ತಾನಾಗೇ ಬಂದು ತೊಡೆ ಏರಿದಳು.

‘ಏ, ಇಲ್ನೋಡು! ಗುರ್ತಾ ಹಿಡದಾಳ!’ ಎಂದು ಗುರುಲಿಂಗಯ್ಯ ಕಣ್ಣೊರೆಸಿಕೊಳ್ಳುವಷ್ಟರಲ್ಲಿ, ಇಸ್ತ್ರಿ ಮಾಡಿದ ಧೋತರ ಬೆಚ್ಚಗೆ ತೊಯ್ದಿತು.

ನೀಲಾಬಾಯಿ ಇಣುಕಿ ನೋಡಿದಳು.

‘ಹೌದ್ರಿ, ಬಟ್ಟಿ ಒಗಿಯವರು ಯಾರಂತ ಪಕ್ಕಾ ಗುರ್ತಾಗ್ಯದ!’